ಒಂದೇ ಹನಿ ಅತ್ತರು

ನಿಪ್ಪಾಣಿಯ ಓದುಗಿಯೊಬ್ಬರು ಕೇಳಿದ್ದಾರೆ: “ಅಥಣಿಗೆ ಮದುವೆಗೆ ಹೋಗಬೇಕು. ಬೀಡಿ ಕಟ್ಟಿದ ಕೈಯ ತಂಬಾಕಿನ ಘಾಟು ಮುಚ್ಚಲು ಅತ್ತರು ಹಚ್ಚಲೇ?”

ಹಚ್ಚಿಕೊಳ್ರಿ, ಆದರೆ ಘಾಟಿನ ಮೇಲೆ ಬೇಡ. ಎರಡೂ ಬೆರೆತರೆ ತಲೆನೋವು! ಮೊದಲು ಕಡಲೆಹಿಟ್ಟಿನಿಂದ ಕೈ ತಿಕ್ಕಿ ತೊಳೆಯಿರಿ. ಮಣಿಕಟ್ಟಿಗೆ, ಕಿವಿಯ ಹಿಂದೆ ಒಂದೇ ಹನಿ ಸಾಕು. ಉಜ್ಜಬೇಡಿ, ಮೈಯ ಕಾವಿಗೆ ತಾನೇ ಅರಳುತ್ತದೆ. ರೇಷ್ಮೆಗೆ ತಾಗಿದರೆ ಕಲೆ ಬಿದ್ದೀತು.

ಅರಬರ ‘ಊದ್’ ನಮಗೇನೂ ಹೊಸದಲ್ಲ. ನಮ್ಮ ಊದಿನಕಡ್ಡಿಗೆ ಹೆಸರು ಬಂದದ್ದೇ ಅದರಿಂದ. ಅಗರು ಮರಕ್ಕೆ ಗಾಯವಾಗಿ ಬೂಷ್ಟು ತಗುಲಿದಾಗಲೇ ಒಳಗೆ ಆ ಸುಗಂಧದ ಅಂಟು ಹುಟ್ಟುವುದು. ಅದಕ್ಕೇ ದುಬಾರಿ, ಉರುಸಿನಲ್ಲಿ ಅಗ್ಗಕ್ಕೆ ಸಿಕ್ಕಿದ್ದು ಬಹುಶಃ ಕೃತಕ.

ಕೊನೆಗೊಂದು ಮಾತು ತಂಗೀ: ದುಡಿದ ಕೈಗೆ ನಾಚಬ್ಯಾಡ್ರಿ. ಅತ್ತರು ನಿಮ್ಮ ಸಂತೋಷಕ್ಕಿರಲಿ, ಮುಚ್ಚಿಡುವುದಕ್ಕಲ್ಲ.