ಸಣ್ಣ ಗ್ರೇನ್ ಫಿಲ್ಮ್ ಒಳ್ಳೆಯದೇ, ಅಡುಗೆಮನೆಗಲ್ಲ

ಮಾವನ ಹಳೇ ಫಿಲ್ಮ್ ಕ್ಯಾಮೆರಾ ಕೈಗೆ ಬಂದಾಗ ನನಗೆ ಒಂದೇ ಹಟ: ಫೋಟೊ ನುಣ್ಣಗೆ ಬರಬೇಕು, ಗ್ರೇನ್ ಕಾಣಲೇಬಾರದು. ಅದಕ್ಕೇ ಇಲ್ಫೋರ್ಡ್ ಪ್ಯಾನ್ ಎಫ್ ಪ್ಲಸ್ ತರಿಸಿದೆ. ಐಎಸ್ಒ 50ರ ಕಪ್ಪು ಬಿಳುಪು ಫಿಲ್ಮ್. ಅಜ್ಜಿ ಒಲೆ ಮುಂದೆ ಕೂತು ಮುದ್ದೆ ಕಟ್ಟುವುದನ್ನು ಅರ್ಧ ರೋಲ್ ತೆಗೆದೆ. ತೊಳೆಸಿ ನೋಡಿದರೆ ಗ್ರೇನೂ ಇಲ್ಲ, ಅಜ್ಜಿಯ ಮುಖವೂ ಇಲ್ಲ. ಎಲ್ಲಾ ಅಲುಗಾಡಿ ಮಸುಕು. ಜಗಲಿ ಮೇಲೆ ತೆಗೆದವು ಮಾತ್ರ ಚೆನ್ನಾಗಿದ್ದವು. ಈಗ ಅಜ್ಜಿಗೆ ಮಂಡಿನೋವು, ಒಲೆ ಮುಂದೆ ಕೂರುವುದೇ ಇಲ್ಲ.

ತಪ್ಪು ಫಿಲ್ಮಿನದಲ್ಲ, ನನ್ನದು. ಗ್ರೇನ್ ಅಂದರೆ ರವೆ ಇದ್ದಂಗೆ. ಫಿಲ್ಮಿನ ಮೇಲೆ ಬೆಳ್ಳಿ ಲವಣದ ಹರಳುಗಳಿರುತ್ತವೆ. ಬನ್ಸಿ ರವೆಯಂಥ ದಪ್ಪ ಹರಳು ಕಡಿಮೆ ಬೆಳಕಿಗೂ ಸ್ಪಂದಿಸುತ್ತದೆ. ಚಿರೋಟಿ ರವೆಯಂಥ ಸಣ್ಣದಕ್ಕೆ ಜಾಸ್ತಿ ಬೆಳಕು ಬೇಕು. ಒಂದೇ ಕಿಟಕಿಯ ನಮ್ಮ ಅಡುಗೆಮನೆಯಲ್ಲಿ ಲೆನ್ಸ್ ಎಫ್ 2ಕ್ಕೆ ತೆರೆದರೂ ಐಎಸ್ಒ 50ಕ್ಕೆ ಕಾಲು ಸೆಕೆಂಡ್ ಬೇಕು. ಅಷ್ಟು ಹೊತ್ತು ಯಾರ ಕೈ ನಿಲ್ಲುತ್ತದೆ? ಅದೇ 400ರ ಎಚ್‌ಪಿ5 ಪ್ಲಸ್ ಅಥವಾ ಕೊಡಾಕ್ ಟ್ರೈ-ಎಕ್ಸ್ ಹಾಕಿದ್ದರೆ 1/30 ಸೆಕೆಂಡ್ ಸಾಕಿತ್ತು. ಉಸಿರು ಬಿಗಿಹಿಡಿದರೆ ಕೈಯಲ್ಲೇ ತೆಗೆಯಬಹುದು.

ಇಂಟರ್‌ನೆಟ್‌ನಲ್ಲಿ ಎಲ್ಲರೂ ‘ಅತಿ ಸಣ್ಣ ಗ್ರೇನ್ ಯಾವುದು’ ಅಂತಲೇ ಕೇಳುತ್ತಾರೆ. ಎಷ್ಟು ದೊಡ್ಡ ಪ್ರಿಂಟ್ ಹಾಕಿಸುತ್ತೀರಿ ಅಂತ ಯಾರೂ ಕೇಳಲ್ಲ. 35 ಎಂಎಂ ನೆಗೆಟಿವ್‌ನಿಂದ 4x6 ಇಂಚಿನ ಫೋಟೊ ಅಂದರೆ ನಾಲ್ಕು ಪಟ್ಟು ದೊಡ್ಡದು, ಅಷ್ಟೇ. ಅಷ್ಟರಲ್ಲಿ 125ರ ಎಫ್‌ಪಿ4 ಪ್ಲಸ್‌ನ ಗ್ರೇನ್ ಹುಡುಕಿದರೂ ಸಿಗುವುದು ಕಷ್ಟ. ಅಟ್ಟದ ಮೇಲೆ ಅಗ್ಫಾ ಕ್ಲಿಕ್ ತ್ರೀ ಸಿಕ್ಕಿದ್ದರೆ ನೀವು ಅದೃಷ್ಟವಂತರು. 120 ರೋಲ್, ಹನ್ನೆರಡೇ ಫೋಟೊ, ಆದರೆ ನೆಗೆಟಿವ್ ಎಷ್ಟೋ ದೊಡ್ಡದು. ಅದಕ್ಕೆ 400 ಹಾಕಿದರೂ ಗ್ರೇನಿನ ಚಿಂತೆಯಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ: ಮನೆಯೊಳಗೆ, ಕೊಟ್ಟಿಗೆಯಲ್ಲಿ, ಸಂಜೆ ಜಾತ್ರೆಯಲ್ಲಿ 400. ಹೊಲ, ಸಂತೆ, ಜಗಲಿಗೆ 100 ಅಥವಾ 125. ಇದರಲ್ಲಿ ಕೊಡಾಕ್ ಟಿ-ಮ್ಯಾಕ್ಸ್ 100, ಇಲ್ಫೋರ್ಡ್ ಡೆಲ್ಟಾ 100 ಬೇರೆ ಜಾತಿ. ಹರಳು ರವೆಯಂತಲ್ಲ, ಅವಲಕ್ಕಿಯಂತೆ ಚಪ್ಪಟೆ. ಅಗಲ ಇರುವುದರಿಂದ ಬೆಳಕು ಹಿಡಿಯುತ್ತವೆ, ಗ್ರೇನೂ ಕಡಿಮೆ. ಆದರೆ ತೊಳೆಯುವ ಹೊತ್ತು, ನೀರಿನ ಬಿಸಿ ತಪ್ಪಿದರೆ ಬೇಗ ಮುನಿಸಿಕೊಳ್ಳುತ್ತವೆ. ಡೆವಲಪರ್ 20 ಡಿಗ್ರಿ ಇರಬೇಕು ಅಂತಾರೆ, ಏಪ್ರಿಲ್‌ನಲ್ಲಿ ನಮ್ಮ ನಲ್ಲಿ ನೀರೇ ಅದಕ್ಕಿಂತ ಬಿಸಿ! ಮನೆಯಲ್ಲೇ ತೊಳೆಯುವವರು ಎಫ್‌ಪಿ4 ಹಿಡಿಯಿರಿ, ಸಣ್ಣಪುಟ್ಟ ತಪ್ಪು ಅದು ಸಹಿಸಿಕೊಳ್ಳುತ್ತದೆ.

ದುಡ್ಡಿನ ವಿಷಯವೂ ಇದೆ. ಒಂದು ಕಾಲಕ್ಕೆ ಊಟಿಯ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್‌ನಲ್ಲಿ ‘ಇಂದು’ ಫಿಲ್ಮ್ ತಯಾರಾಗುತ್ತಿತ್ತು. ಆ ಕಾರ್ಖಾನೆ ಮುಚ್ಚಿತು. ನಾನು ಹೇಳಿದ ಈ ರೋಲ್‌ಗಳೆಲ್ಲ ಹೊರದೇಶದವು. ರೋಲ್, ತೊಳೆಸುವುದು, ಸ್ಕ್ಯಾನು ಸೇರಿದರೆ ಮೂರ್ನಾಲ್ಕು ದಿನದ ಕೂಲಿ.

ಪ್ಯಾನ್ ಎಫ್ ಇನ್ನೊಂದು ರೋಲ್ ಫ್ರಿಜ್‌ನಲ್ಲಿದೆ. ಕೆರೆ ಏರಿಯ ವೀರಗಲ್ಲಿಗೆ ಅಂತ ಇಟ್ಟಿದ್ದೀನಿ. ಕಲ್ಲು ಅಲುಗಾಡಲ್ಲ, ಕ್ಯಾಮೆರಾ ಸ್ಟ್ಯಾಂಡ್ ಮೇಲಿರುತ್ತದೆ. ತೆಗೆದ ಮೇಲೆ ಮಾತ್ರ ಬೇಗ ತೊಳೆಯಬೇಕು. ಈ ಫಿಲ್ಮಿನ ಮೇಲೆ ಬಿದ್ದ ಚಿತ್ರ ಬೇಗ ಮಸುಕಾಗುತ್ತದೆ, ಮೂರು ತಿಂಗಳೊಳಗೆ ತೊಳೆಯಿರಿ ಅಂತ ಕಂಪನಿಯೇ ಹೇಳುತ್ತದೆ.