ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಬಚ್ಚಲಲ್ಲಿ ನೀರು ಇಳಿಯದೆ ನಿಂತಿತು. ಮಗ ಆಸಿಡ್ ತರಲು ಹೊರಟ. ‘ತಾಳಪ್ಪ, ಮೊದಲು ಪರೀಕ್ಷೆ ಮಾಡೋಣ’ ಎಂದೆ.

ಒಂದೇ ಸಿಂಕ್ ಕಟ್ಟಿಕೊಂಡರೆ ದೋಷ ಸಾಮಾನ್ಯವಾಗಿ ಅದರ ಕೆಳಗಿನ ಬಾಗು ಕೊಳವೆಯಲ್ಲಿ. ಬಚ್ಚಲು, ಕಕ್ಕಸು ಎರಡೂ ಉಕ್ಕಿದರೆ ಮುಖ್ಯ ಕೊಳವೆಯಲ್ಲಿ. ಆಗ ಅಂಗಳದ ಚೇಂಬರುಗಳ ಮುಚ್ಚಳ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಸಾಲಾಗಿ ನೋಡಿ. ತುಂಬಿದ ಚೇಂಬರಿಗೂ ಅದರ ಮುಂದಿನ ಖಾಲಿ ಚೇಂಬರಿಗೂ ನಡುವೆ ಅಡಚಣೆ ಇರುತ್ತದೆ. ನಮ್ಮಲ್ಲಿ ಎರಡನೆಯದು ತುಂಬಿತ್ತು, ಮೂರನೆಯದು ಖಾಲಿ.

ಕರೆಸಿದ ಕೆಲಸದವನು ಗುಂಡಿಗಿಳಿಯಲು ಪಂಚೆ ಎತ್ತಿಕಟ್ಟಿದ. ಬೇಡವೆಂದು ತಡೆದೆ. ಮೇಲಿನಿಂದಲೇ ಬಿದಿರು ದಬ್ಬೆ ತೂರಿಸಿದಾಗ ಸಿಕ್ಕಿದ್ದು ತೆಂಗಿನ ಬೇರಿನ ಜೊಂಪೆ! ಆಸಿಡ್ಡಿಗೆ ಅದು ಜಗ್ಗುತ್ತಿರಲಿಲ್ಲ.

ತಡೆದದ್ದೇಕೆ? ಕೊಳೆತ ಮಲದಿಂದ ಹೊಮ್ಮುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ; ಗುಂಡಿಯ ತಳದಲ್ಲಿ ನಿಲ್ಲುತ್ತದೆ. ಅದಕ್ಕೆ ಕೊಳೆತ ಮೊಟ್ಟೆಯ ವಾಸನೆ ನಿಜ. ಆದರೆ ಪ್ರಮಾಣ ಹೆಚ್ಚಾದರೆ ಮೂಗೇ ಸೋತು ವಾಸನೆ ತಿಳಿಯದು. ಇಳಿದವನು ಕುಸಿಯುತ್ತಾನೆ, ಎತ್ತಲು ಹೋದವನೂ ಕುಸಿಯುತ್ತಾನೆ. ಸುರಕ್ಷಾ ಸಾಧನವಿಲ್ಲದೆ ಯಾರನ್ನಾದರೂ ಒಳಚರಂಡಿಗೆ ಇಳಿಸುವುದು 2013ರ ಕಾಯಿದೆಯಂತೆ ಅಪರಾಧ.

ವಿದ್ಯಾರ್ಥಿಗಳೇ, ಸಿಂಕಿನ ಕೊಳವೆ ಬಾಗಿರುವುದೇಕೆ? ಅಲ್ಲಿ ನಿಂತ ಒಂದಿಷ್ಟು ನೀರು ಇದೇ ಅನಿಲವನ್ನು ಮನೆಯೊಳಗೆ ಬಿಡದೆ ಕಾಯುತ್ತದೆ. ನಮ್ಮನ್ನು ಕಾಯಲು ಅಷ್ಟು ನೀರಿದೆ. ಗುಂಡಿಗಿಳಿಯುವವನನ್ನು ಕಾಯಬೇಕಾದವರು ನಾವೇ.