ಗೇರು ಬದಲಿಸದ ಮೋಟಾರು ಮನೆ

ಗೇರು ತಾನಾಗಿಯೇ ಬದಲಾಗಬೇಕಾದ ಗಾಡಿಯಲ್ಲಿ ಅದು ಬದಲಾಗದೆ ಹೋದರೆ ಮಾಡುವುದೇನು? ಕ್ಲಚ್ಚಿನ ಪೆಡಲಿಲ್ಲದ ಕಾರುಗಳು ನಮ್ಮ ಊರುಗಳಲ್ಲಿಯೂ ಹೆಚ್ಚುತ್ತಿರುವುದರಿಂದ ಈ ಅಂಕಣದ ವಾಚಕರು ಇದನ್ನು ಕೇಳುವುದು ಸಹಜವೇ. ಉತ್ತರವನ್ನು ಪುಸ್ತಕದಿಂದ ಎತ್ತಿ ಹೇಳುವ ಬದಲು, ಕ್ಯಾಲಿಫೋರ್ನಿಯಾದ ಒಂದು ಏರುದಾರಿಯಲ್ಲಿ ನಾನೇ ಕಲಿತ ಪಾಠವನ್ನು ಇಲ್ಲಿ ಬರೆಯುತ್ತೇನೆ. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಕೈ ಕಪ್ಪು ಮಾಡಿಕೊಂಡವನು ನಾನು. ಆದರೂ ಆ ಪಾಠ ಕಲಿತದ್ದು ಅಳಿಯನೆದುರು ಮಾನ ಕಳೆದುಕೊಂಡ ಮೇಲೆ ಎಂಬುದನ್ನು ಮುಚ್ಚಿಡಲಾರೆ.

ನನ್ನ ಮಗಳು ಮತ್ತು ಅಳಿಯ ಲಾಸ್ ಏಂಜಲಿಸ್ ನಗರದ ಬಳಿ ಇದ್ದಾರೆ. ನನ್ನ ಹೆಂಡತಿಗೆ ಮಂಡಿನೋವು. ಕಾರಿನಲ್ಲಿ ಒಂದು ಗಂಟೆಗಿಂತ ಹೆಚ್ಚು ಕೂರಲಾರಳು. ಅತ್ತೆಗೆ ನಾಡು ತೋರಿಸಬೇಕೆಂಬ ಆಸೆಯಿಂದ ಅಳಿಯ 1970ರ ದಶಕದಲ್ಲಿ ತಯಾರಾದ ಒಂದು ಹಳೆಯ ಮೋಟಾರು ಮನೆಯನ್ನು ಕೊಂಡಿದ್ದ. ಹೆಸರಿಗೆ ತಕ್ಕಂತೆ ಅದು ಮನೆಯೇ. ಒಲೆ, ನೀರಿನ ತೊಟ್ಟಿ, ಶೌಚದ ಕೋಣೆ, ನಾಲ್ವರು ಮಲಗುವ ಹಾಸಿಗೆ, ಎಲ್ಲವೂ ಚಕ್ರದ ಮೇಲೆ. ತೂಕ ಐದು ಟನ್ನಿಗೆ ಕಡಮೆಯಿಲ್ಲ. ಆ ತೂಕವನ್ನೆಲ್ಲ ಎಳೆಯಬೇಕಾದದ್ದು ಮೂರೇ ಗೇರಿನ ಒಂದು ಸ್ವಯಂಚಾಲಿತ ಪೆಟ್ಟಿಗೆ.

ಮೊಹಾವಿ ಮರುಭೂಮಿ ದಾಟಿ 395ನೆಯ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗುವಾಗಲೇ ಮೊದಲ ಸೂಚನೆ ಸಿಕ್ಕಿತು. ಎರಡನೆಯ ಗೇರು ತಡವಾಗಿ ಬೀಳತೊಡಗಿತು. ಬಿದ್ದಾಗಲೂ ಹಿಂದಿನಿಂದ ಯಾರೋ ಒದ್ದಂತೆ ಬೀಳುತ್ತಿತ್ತು. ಅಡುಗೆಯ ಕಪಾಟಿನಲ್ಲಿ ಲೋಟಗಳು ಗಲಗಲ ಎಂದವು. "ನಿಮ್ಮ ಡಿಪೋದ ಬಸ್ಸೇ ವಾಸಿ," ಎಂದಳು ನನ್ನಾಕೆ. ಹಿಂದೆ ತೆಳ್ಳನೆಯ ಬಿಳಿ ಹೊಗೆಯೂ ಕಾಣುತ್ತಿತ್ತು. ಹಳೆಯ ಎಂಜಿನ್ನಿಗೆ ಹೊಗೆ ಸಹಜವೆಂದು ಅಳಿಯ ಸುಮ್ಮನಾದ, ನಾನೂ ತಲೆದೂಗಿದೆ.

ಸಂಜೆ ಬಿಷಪ್ ಎಂಬ ಊರಿನಲ್ಲಿ ತಂಗಿದೆವು. "ಮಾವ, ಒಂದು ಸಲ ಎಣ್ಣೆ ನೋಡ್ತೀರಾ?" ಎಂದ ಅಳಿಯ. ಎಂಜಿನ್ ಎಣ್ಣೆಯನ್ನು ನೋಡುವ ರೂಢಿಯಂತೆಯೇ ಗಾಡಿಯನ್ನು ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳತೆಕಡ್ಡಿಯನ್ನು ಎಳೆದು ನೋಡಿದೆ. ಗುರುತಿನ ತುಂಬ ಎಣ್ಣೆಯಿತ್ತು. "ಏನೂ ಚಿಂತೆಯಿಲ್ಲ" ಎಂದು ಘೋಷಿಸಿಬಿಟ್ಟೆ.

ಬಿಷಪ್ ಊರು ಸಮುದ್ರಮಟ್ಟದಿಂದ ಸುಮಾರು 4,150 ಅಡಿ ಎತ್ತರದಲ್ಲಿದೆ. ಅದರ ಉತ್ತರಕ್ಕೆ ಷೆರ್ವಿನ್ ಏರು. ಅದನ್ನು ಹತ್ತಿ ಮುಗಿಸುವಾಗ ಎತ್ತರ 7,000 ಅಡಿ. ಮರುದಿನ ಆ ಏರಿನ ಅರ್ಧದಲ್ಲಿ ಎಂಜಿನ್ ಒಮ್ಮೆಗೇ ಅಬ್ಬರಿಸಿತು. ಗಾಡಿ ಮಾತ್ರ ಮುಂದೆ ಹೋಗಲೊಲ್ಲದು. ಹಿಂದೆ ಭಾರಿ ಲಾರಿಗಳ ಸಾಲು. ಮೊಮ್ಮಗಳು ಅಜ್ಜಿಯ ಸೆರಗು ಹಿಡಿದು ಅಳಲಾರಂಭಿಸಿದಳು. ಹೇಗೋ ರಸ್ತೆಯ ಅಂಚಿಗೆ ತೆವಳಿಸಿ, ಒಂದು ಗಂಟೆ ತಣಿಸಿ, ಮರಳುವ ತಿರುವು ಸಿಕ್ಕ ಮೇಲೆ ಕೆಳಗಿನ ಗೇರಿನಲ್ಲಿಯೇ ಬಿಷಪ್ಪಿಗೆ ಇಳಿದೆವು.

ಅಲ್ಲಿನ ಒಂದು ಗ್ಯಾರೇಜಿನವನು ಗಾಡಿಯನ್ನು ಹತ್ತು ಮಾರು ಓಡಿಸಿ ನೋಡಿ, ಗೇರುಪೆಟ್ಟಿಗೆಯನ್ನೇ ಇಳಿಸಿ ಹೊಸದಾಗಿ ಕಟ್ಟಬೇಕೆಂದ. ನಾಲ್ಕು ಸಾವಿರ ಡಾಲರು, ಹತ್ತು ದಿನ. ಅಳಿಯ ಮಾತಾಡಲಿಲ್ಲ. ಗಾಡಿಯನ್ನು ಅಲ್ಲೇ ಸಿಕ್ಕ ಬೆಲೆಗೆ ಮಾರಿಬಿಡೋಣವೆಂದಳು ಮಗಳು. ತನಗಾಗಿ ಇಷ್ಟೆಲ್ಲ ಆಯಿತೆಂದು ನನ್ನಾಕೆ ಆ ರಾತ್ರಿ ಊಟವನ್ನೇ ಮಾಡಲಿಲ್ಲ.

ತಂಗುದಾಣದಲ್ಲಿ ನಮ್ಮ ಪಕ್ಕದಲ್ಲಿಯೇ ಅಂಥದೇ ಹಳೆಯ ಗಾಡಿಯೊಡನೆ ಬೀಡುಬಿಟ್ಟಿದ್ದ ಮುದುಕರೊಬ್ಬರು ಬೆಳಿಗ್ಗೆ ನಮ್ಮ ಮುಖಗಳನ್ನು ನೋಡಿ ವಿಚಾರಿಸಿದರು. ಕೇಳಿದ್ದು ಮೂರೇ ಪ್ರಶ್ನೆ. ಬಿಳಿ ಹೊಗೆ ಬರುತ್ತದೆಯೆ? ಬರುತ್ತದೆ. ನೆಲದ ಮೇಲೆ ಎಣ್ಣೆ ತೊಟ್ಟಿಕ್ಕಿದೆಯೆ? ಇಲ್ಲ. ಗೇರಿನ ಎಣ್ಣೆಯನ್ನು ಅಳೆದಾಗ ಎಂಜಿನ್ ಓಡುತ್ತಿತ್ತೆ? ನಾನು ನೆಲ ನೋಡಿದೆ.

ಇಲ್ಲಿ ಯಂತ್ರದ ಒಳಗನ್ನು ಸ್ವಲ್ಪ ಹೇಳಬೇಕು. ಇಂಥ ಗೇರುಪೆಟ್ಟಿಗೆ ಹೊಸ ಸಂಗತಿಯೇನಲ್ಲ. ಜನರಲ್ ಮೋಟಾರ್ಸ್ ಕಂಪನಿಯವರ ಹೈಡ್ರಾಮ್ಯಾಟಿಕ್ 1940ನೆಯ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿಯೇ ಬಂದಿತ್ತು. ನಮ್ಮ ಗಾಡಿಯ ಕಾಲದ ಪೆಟ್ಟಿಗೆಗಳಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಎದುರುಬದುರಾಗಿ ಕೂತ ಎರಡು ಬೀಸಣಿಗೆಗಳಿರುತ್ತವೆ. ಎಂಜಿನ್ ಒಂದನ್ನು ತಿರುಗಿಸಿದರೆ ಎಣ್ಣೆಯ ರಭಸಕ್ಕೆ ಇನ್ನೊಂದು ತಿರುಗುತ್ತದೆ. ಗೇರನ್ನು ಹಿಡಿಯುವುದೂ ಬಿಡುವುದೂ ಎಣ್ಣೆಯ ಒತ್ತಡದಿಂದಲೇ. ಎಂದರೆ ಎಣ್ಣೆ ಇಲ್ಲಿ ಬರಿಯ ಜಾರುಗೊಳಿಸುವ ವಸ್ತುವಲ್ಲ. ಅದೇ ಕೈ, ಅದೇ ಕಾಲು. ಎಂಜಿನ್ ನಿಂತೊಡನೆ ಮೇಲೆ ಸುತ್ತುತ್ತಿದ್ದ ಎಣ್ಣೆ ಕೆಳಗಿನ ತಟ್ಟೆಗೆ ಇಳಿದು ಅಳತೆಕಡ್ಡಿಯಲ್ಲಿ ಹೆಚ್ಚು ತೋರಿಸುತ್ತದೆ. ಹಾಗಾಗಿ ಇಂಥ ಬಹುಪಾಲು ಪೆಟ್ಟಿಗೆಗಳಲ್ಲಿ ಸಮನೆಲದ ಮೇಲೆ, ಎಣ್ಣೆ ಬಿಸಿಯಾಗಿರುವಾಗ, ಎಂಜಿನ್ನನ್ನು ನಿಧಾನವಾಗಿ ಓಡಲು ಬಿಟ್ಟೇ ಅಳೆಯಬೇಕು. ನನ್ನ ಕಡ್ಡಿ ತುಂಬಿ ತೋರಿಸಿದ್ದು ಸುಳ್ಳು. ಒಳಗೆ ಎಣ್ಣೆ ಸಾಲದೆ, ಏರಿನಲ್ಲಿ ಇದ್ದುದೂ ಹಿಂದಕ್ಕೆ ಸರಿದು, ಪಂಪು ಗಾಳಿಯನ್ನು ಹೀರಿತ್ತು.

ಹಾಗಾದರೆ ನೆಲಕ್ಕೆ ಬೀಳದ ಎಣ್ಣೆ ಹೋದದ್ದೆಲ್ಲಿಗೆ?

ಗೇರು ಯಾವಾಗ ಬದಲಾಗಬೇಕೆಂಬುದನ್ನು ಇಬ್ಬರು ತೀರ್ಮಾನಿಸುತ್ತಾರೆ. ಗವರ್ನರ್ ಎಂಬುದು ಗಾಡಿಯ ವೇಗ ಹೆಚ್ಚಿದಂತೆ "ಮೇಲಿನ ಗೇರಿಗೆ ಹೋಗು" ಎಂದು ಒತ್ತುತ್ತದೆ. ಮಾಡ್ಯುಲೇಟರ್ ಎಂಬುದು ಎಂಜಿನ್ನಿಗೆ ಎಷ್ಟು ಹೊರೆಯಿದೆಯೆಂದು ನೋಡಿ "ತಡೆ, ಇನ್ನೂ ಶಕ್ತಿ ಬೇಕು" ಎಂದು ಎದುರಿನಿಂದ ಒತ್ತುತ್ತದೆ. ಈ ಎರಡನೆಯದು ಗೇರುಪೆಟ್ಟಿಗೆಗೆ ಅಂಟಿಕೊಂಡ, ನಶ್ಯದ ಡಬ್ಬಿಯಂಥ ಒಂದು ತಗಡಿನ ಡಬ್ಬಿ. ಅದರೊಳಗೆ ಒಂದು ರಬ್ಬರಿನ ಪೊರೆ. ಅದರಿಂದ ಎಂಜಿನ್ನಿಗೆ ಒಂದು ಸಣ್ಣ ಕೊಳವೆ. ಎಂಜಿನ್ ಹಗುರವಾಗಿ ಓಡುವಾಗ ಕೊಳವೆಯ ಮೂಲಕ ಪೊರೆಯನ್ನು ಬಲವಾಗಿ ಹೀರುತ್ತದೆ; ಹೊರೆ ಬಿದ್ದಾಗ ಹೀರುವಿಕೆ ಕುಗ್ಗುತ್ತದೆ. ಪೊರೆ ಹರಿದರೆ ಹೀರುವಿಕೆ ಅದಕ್ಕೆ ತಿಳಿಯುವುದೇ ಇಲ್ಲ. ಗಾಡಿ ಸದಾ ಏರು ಹತ್ತುತ್ತಿದೆಯೆಂದೇ ಭ್ರಮಿಸಿ ಗೇರನ್ನು ತಡವಾಗಿ, ಒದ್ದಂತೆ ಬದಲಿಸುತ್ತದೆ. ಜೊತೆಗೆ ಹರಿದ ತೂತಿನಿಂದ ಎಂಜಿನ್ ಗೇರಿನ ಎಣ್ಣೆಯನ್ನೇ ಹೀರಿ ಸುಟ್ಟು ಹೊಗೆಯಾಗಿ ಬಿಡುತ್ತದೆ.

ಮುದುಕರು ಚಕ್ರಗಳಿಗೆ ಅಡ್ಡಕಟ್ಟೆ ಕೊಡಿಸಿ, ಗಾಡಿಯಡಿ ಮಲಗಿ ಆ ಕೊಳವೆಯನ್ನು ಎಳೆದರು. ತುದಿಯಿಂದ ಕೆಂಪು ಎಣ್ಣೆ ತೊಟ್ಟಿಕ್ಕಿತು. ಅಲ್ಲಿ ಒಣಗಿರಬೇಕಾಗಿತ್ತು. ಬಳಿಕ ಅಳತೆಕಡ್ಡಿಯನ್ನು ಬಿಳಿಯ ಕಾಗದಕ್ಕೆ ಒರೆಸಿ ತೋರಿಸಿದರು. ಬಣ್ಣ ಕೆಂಪಾಗಿಯೇ ಇತ್ತು. ಸುಟ್ಟ ವಾಸನೆಯಿಲ್ಲ, ಕರಿಯ ಪುಡಿಯಿಲ್ಲ. ಎಣ್ಣೆ ಕಂದಾಗಿ ಕಮಟು ನಾರುತ್ತಿದ್ದರೆ ಒಳಗಿನ ಕ್ಲಚ್ಚುಗಳು ಸುಟ್ಟಿವೆಯೆಂದು ಅರ್ಥ. ಆಗ ಗ್ಯಾರೇಜಿನವನ ಮಾತೇ ಸರಿಯಾಗುತ್ತಿತ್ತು. ಕಾಗದದ ಚೂರಿನ ಈ ಪರೀಕ್ಷೆ ಮಾಡದೆ ಯಾರೂ ಗೇರುಪೆಟ್ಟಿಗೆ ಇಳಿಸಲು ಒಪ್ಪಬೇಡಿ.

ಹೊಸ ಡಬ್ಬಿ ಊರಿನ ಬಿಡಿಭಾಗದ ಅಂಗಡಿಯಲ್ಲಿಯೇ ಸಿಕ್ಕಿತು. ಅದರ ಬೆಲೆ ನಾವು ಐವರು ಹೊಟೆಲಿನಲ್ಲಿ ಉಂಡ ಬಿಲ್ಲಿಗಿಂತ ಕಡಮೆ. ಒಂದೇ ಬೋಲ್ಟು, ಅರ್ಧ ಗಂಟೆಯ ಕೆಲಸ. ಕೊಳವೆಯ ರಬ್ಬರೂ ಬಿರುಕುಬಿಟ್ಟಿದ್ದರಿಂದ ಅದನ್ನೂ ಬದಲಿಸಿದೆವು. ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ, ಪ್ರತಿಸಲವೂ ಅಳೆದೆವು. ಹೆಚ್ಚಾದರೂ ಕೇಡೇ, ನೊರೆಯೆದ್ದು ಮತ್ತೆ ಜಾರುತ್ತದೆ.

ಹೊಸ ಕಾಲದ ಗಾಡಿಗಳಲ್ಲಿ ಈ ಡಬ್ಬಿ ಇಲ್ಲ. ಗೇರಿನ ತೀರ್ಮಾನ ಕಂಪ್ಯೂಟರಿನದು. ಅಲ್ಲಿ ಒಂದೇ ಗೇರಿನಲ್ಲಿ ಸಿಕ್ಕಿಕೊಂಡರೆ ಮೊದಲು ದೋಷದ ಸಂಕೇತವನ್ನು ಓದಿಸಬೇಕು. ಬ್ಯಾಟರಿಯ ತುದಿ ಸಡಿಲವಾಗಿದ್ದರೂ, ವೇಗ ತಿಳಿಸುವ ಸಣ್ಣ ಸಾಧನ ಕೆಟ್ಟಿದ್ದರೂ ಕಂಪ್ಯೂಟರು ಹೆದರಿ ಹಾಗೆ ಮಾಡುವುದುಂಟು. ಎಣ್ಣೆ ನೋಡುವ ಕ್ರಮವೂ ಗಾಡಿಯಿಂದ ಗಾಡಿಗೆ ಬೇರೆ. ಕೆಲವಕ್ಕೆ ಅಳತೆಕಡ್ಡಿಯೇ ಇರುವುದಿಲ್ಲ! ಗಾಡಿಯ ಜೊತೆ ಕೊಟ್ಟ ಪುಸ್ತಕವನ್ನು ಬೀರುವಿನಿಂದ ಹೊರಗೆ ತೆಗೆಯಿರಿ.

ಮಧ್ಯಾಹ್ನ ಬಿಸಿಲು ಇಳಿದ ಮೇಲೆ ಮತ್ತೆ ಷೆರ್ವಿನ್ ಏರಿಗೆ ಹೊರಟೆವು. ಮುದುಕರ ಸಲಹೆಯಂತೆ ಅಳಿಯ ಕಡ್ಡಿಯನ್ನು ಎರಡನೆಯ ಗೇರಿಗೇ ಹಾಕಿಟ್ಟಿದ್ದ. ಭಾರದ ಗಾಡಿ ಏರಿನಲ್ಲಿ ಎರಡಕ್ಕೂ ಮೂರಕ್ಕೂ ತೊಯ್ದಾಡಿದರೆ ಎಣ್ಣೆ ಕಾಯುತ್ತದೆ. ನಿಧಾನವಾಗಿ ಹತ್ತಿದೆವು. ಲೋಟಗಳು ಸದ್ದು ಮಾಡಲಿಲ್ಲ. ಹಿಂದಿನ ಕಿಟಕಿಯಲ್ಲಿ ಮೊಮ್ಮಗಳು ಹೊಗೆಯನ್ನು ಕಾಯುತ್ತ ಕುಳಿತಿದ್ದಳು. ಅದೂ ಬರಬರುತ್ತ ತೆಳುವಾಗಿ ನಿಂತೇಹೋಯಿತು.

ಮೋನೋ ಸರೋವರದ ದಡದಲ್ಲಿ ಗಾಡಿ ನಿಲ್ಲಿಸಿದಾಗ ಸಂಜೆ. ನನ್ನಾಕೆ ಹಾಸಿಗೆಯಿಂದ ಎದ್ದು, ಕೋಲು ಹಿಡಿದು, ನೀರಿನತ್ತ ತಾನೇ ನಡೆದುಹೋದಳು. ಅಳಿಯ ಮಾತ್ರ ಕುರ್ಚಿ ಬಿಟ್ಟೇಳದೆ ಅಳತೆಕಡ್ಡಿಯ ಕಡೆಗೆ ಕೈ ತೋರಿಸಿದ.

"ಮಾವ, ಎಂಜಿನ್ ಇನ್ನೂ ಓಡ್ತಾ ಇದೆ. ಈಗ ನೋಡಿ."